ಆಹಾರದ ಮೇದಾಮ್ಲಗಳು ಮತ್ತು ದೊಡ್ಡ ಕರುಳಿನ ಕ್ಯಾನ್ಸರ್: ಪ್ರಾಣಿಪ್ರಯೋಗಗಳು ಕಲಿಸುವ ಪಾಠ

ಕೆಲವು ತಿಂಗಳ ಹಿಂದೆ ಶ್ರೀಮಠದ ದಾಸೋಹ ಮುಗಿದ ಮೇಲೆ ಮಧ್ಯವಯಸ್ಸಿನ ಶರಣೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಅಣ್ಣನವರು ಐವತ್ತೆರಡನೆಯ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ತುತ್ತಾಗಿ, ಎರಡು ವರ್ಷ ನರಳಿ ಲಿಂಗೈಕ್ಯರಾಗಿದ್ದರು. ಆ ಭಯ ತಂಗಿಯ ಮನಸ್ಸಿನಲ್ಲಿ ಮನೆಮಾಡಿತ್ತು. ಬಂಧುಗಳೊಬ್ಬರು ಮೀನೆಣ್ಣೆಯ ಮಾತ್ರೆಯ ಡಬ್ಬಿಯೊಂದನ್ನು ತಂದುಕೊಟ್ಟು, ಇದನ್ನು ದಿನವೂ ನುಂಗಿದರೆ ಈ ರೋಗ ಬರುವುದಿಲ್ಲವೆಂದು ಹೇಳಿದ್ದರಂತೆ. "ಡಾಕ್ಟರ, ನಮ್ಮ ಮನಿತನದಾಗ ಇಂಥಾದ್ದನ್ನ ಯಾರೂ ಮುಟ್ಟಿಲ್ರೀ. ಜೀವಾ ಉಳಿಸ್ಕೊಳ್ಳಾಕ ಇದನ್ನ ತಗೊಳ್ಳಾಕೇ ಬೇಕೇನ್ರಿ? ಬ್ಯಾರೆ ದಾರಿ ಇಲ್ಲೇನ್ರಿ?" ಎಂದು ಕೇಳಿದಾಗ ಅವರ ಕಣ್ಣು ತುಂಬಿತ್ತು.

ಒಂದು ಕಡೆ ಜೀವಭಯ, ಇನ್ನೊಂದು ಕಡೆ ಹುಟ್ಟಿನಿಂದ ಪಾಲಿಸಿಕೊಂಡು ಬಂದ ನಿಯಮ. ಇವೆರಡರ ನಡುವೆ ಸಿಲುಕಿದವರಿಗೆ ಒಂದೇ ಮಾತಿನ ಉತ್ತರ ಸಾಲದು. ಮೀನೆಣ್ಣೆಗೆ ಈ ಕೀರ್ತಿ ಬಂದದ್ದು ಬಹುಮಟ್ಟಿಗೆ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ. ಆ ಪ್ರಯೋಗಗಳು ಏನನ್ನು ತೋರಿಸಿವೆ, ಏನನ್ನು ತೋರಿಸಿಲ್ಲ ಎಂಬುದನ್ನು ತಿಳಿದರೆ ಮಾತ್ರ ಆ ಪ್ರಶ್ನೆಗೆ ನ್ಯಾಯವಾದ ಉತ್ತರ ದೊರೆಯುತ್ತದೆ. ಆ ಶರಣೆಗೆ ಅಂದು ಹೇಳಿದ್ದನ್ನೇ ಇಲ್ಲಿ ತುಸು ವಿಸ್ತರಿಸಿ ಓದುಗರ ಮುಂದಿಡುತ್ತಿದ್ದೇನೆ.

ರೋಗದ ಸ್ವರೂಪ

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಜಗತ್ತಿನಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರುಗಳಲ್ಲಿ ಮೂರನೆಯದು. ಸಾವಿಗೆ ಕಾರಣವಾಗುವುದರಲ್ಲಿ ಎರಡನೆಯದು. 2022ರ ಜಾಗತಿಕ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 19 ಲಕ್ಷ ಜನರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಜನ ಇದರಿಂದ ಮರಣ ಹೊಂದಿದರು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಇದರ ಪ್ರಮಾಣ ಕಡಿಮೆ. ಆದರೆ ಅದು ನಮ್ಮ ರಕ್ತದ ಗುಣವೆಂದು ನೆಮ್ಮದಿಯಿಂದಿರುವಂತಿಲ್ಲ. ಜಪಾನಿನಿಂದ ಹವಾಯಿ ದ್ವೀಪಗಳಿಗೂ ಅಮೆರಿಕಕ್ಕೂ ವಲಸೆ ಹೋದ ಕುಟುಂಬಗಳಲ್ಲಿ, ತಾಯ್ನಾಡಿನಲ್ಲಿ ಅಂದು ವಿರಳವಾಗಿದ್ದ ಈ ರೋಗ ಅಲ್ಲಿನ ಜನರಲ್ಲಿರುವಷ್ಟೇ ಸಾಮಾನ್ಯವಾಗುವ ಮಟ್ಟಕ್ಕೆ ಏರಿತು. ವಂಶ ಅದೇ ಆಗಿದ್ದು, ಊಟ ಮತ್ತು ಜೀವನಕ್ರಮ ಬದಲಾದುದರಿಂದ ರೋಗದ ಪ್ರಮಾಣವೂ ಬದಲಾಯಿತು. ಆಹಾರಕ್ಕೂ ಈ ರೋಗಕ್ಕೂ ನಂಟಿದೆ ಎಂಬ ಶಂಕೆ ವಿಜ್ಞಾನಿಗಳಲ್ಲಿ ಬಲವಾಗಲು ಇಂಥ ಅವಲೋಕನಗಳೇ ಕಾರಣ.

ಈ ಕ್ಯಾನ್ಸರ್ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಕರುಳಿನ ಒಳಪದರದಲ್ಲಿ ಬಾವಿಯಂತಹ ಲಕ್ಷಾಂತರ ಸೂಕ್ಷ್ಮ ಕುಳಿಗಳಿವೆ. ಕುಳಿಯ ತಳದಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಮೇಲಕ್ಕೆ ಸರಿಯುತ್ತ, ಕೆಲವೇ ದಿನಗಳಲ್ಲಿ ತಮ್ಮ ಆಯುಸ್ಸು ಮುಗಿಸಿ ಉದುರಿಹೋಗುತ್ತವೆ. ಹುಟ್ಟು ಮತ್ತು ಸಾವಿನ ಈ ಸಮತೋಲನ ಕೆಟ್ಟು, ಸಾಯಬೇಕಾದ ಕೋಶ ಸಾಯದೆ ಉಳಿದು ವೃದ್ಧಿಸತೊಡಗಿದರೆ ಅಲ್ಲೊಂದು ಸಣ್ಣ ಮೊಳಕೆ ಏಳುತ್ತದೆ. ಇದಕ್ಕೆ ಪಾಲಿಪ್ ಎಂದು ಹೆಸರು. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗುವವು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ಈ ದೀರ್ಘ ಅವಧಿಯೇ ನಮಗೆ ದೊರೆತಿರುವ ಅವಕಾಶ.

ಮೇದಾಮ್ಲವೆಂದರೇನು?

ಎಣ್ಣೆ, ತುಪ್ಪ, ಬೆಣ್ಣೆ, ಕೊಬ್ಬು, ಇವೆಲ್ಲವೂ ಮುಖ್ಯವಾಗಿ ಮೇದಾಮ್ಲಗಳಿಂದ, ಅಂದರೆ ಕೊಬ್ಬಿನ ಆಮ್ಲಗಳಿಂದ ಕೂಡಿವೆ. ಮೇದಾಮ್ಲವೆಂಬುದು ಇಂಗಾಲದ ಪರಮಾಣುಗಳ ಒಂದು ಸರಪಳಿ. ಸರಪಳಿಯಲ್ಲಿ ದ್ವಿಬಂಧವೇ ಇಲ್ಲದಿದ್ದರೆ ಅದು ಪರ್ಯಾಪ್ತ ಮೇದಾಮ್ಲ. ತೆಂಗಿನೆಣ್ಣೆ ಮತ್ತು ತುಪ್ಪದಲ್ಲಿ ಇವು ಹೆಚ್ಚು. ಒಂದು ದ್ವಿಬಂಧವಿದ್ದರೆ ಏಕ ಅಪರ್ಯಾಪ್ತ. ಆಲಿವ್ ಎಣ್ಣೆ ಮತ್ತು ಶೇಂಗಾ ಎಣ್ಣೆಯ ಓಲೆಯಿಕ್ ಆಮ್ಲ ಈ ಬಗೆಯದು. ಎರಡು ಅಥವಾ ಹೆಚ್ಚು ದ್ವಿಬಂಧಗಳಿದ್ದರೆ ಬಹು ಅಪರ್ಯಾಪ್ತ.

ಬಹು ಅಪರ್ಯಾಪ್ತ ಮೇದಾಮ್ಲಗಳಲ್ಲಿ ಎರಡು ಕುಲಗಳಿವೆ. ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರ ಒಮೆಗಾ. ಸರಪಳಿಯ ಕೊನೆಯ ತುದಿಯಿಂದ ಎಣಿಸಿದಾಗ ಮೊದಲ ದ್ವಿಬಂಧ ಆರನೆಯ ಇಂಗಾಲದಲ್ಲಿ ಸಿಕ್ಕರೆ ಅದು ಒಮೆಗಾ-6, ಮೂರನೆಯದರಲ್ಲಿ ಸಿಕ್ಕರೆ ಒಮೆಗಾ-3. ಕುಸುಬೆ, ಸೂರ್ಯಕಾಂತಿ, ಮೆಕ್ಕೆಜೋಳ ಹಾಗೂ ಗುರೆಳ್ಳಿನ ಎಣ್ಣೆಗಳಲ್ಲಿ ಲಿನೋಲೆಯಿಕ್ ಆಮ್ಲವೆಂಬ ಒಮೆಗಾ-6 ಹೇರಳವಾಗಿದೆ. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆಲ್ಫಾ ಲಿನೋಲೆನಿಕ್ ಆಮ್ಲವೆಂಬ ಒಮೆಗಾ-3 ಇರುತ್ತದೆ. ಮೀನೆಣ್ಣೆಯಲ್ಲಿರುವುದು ಇನ್ನೂ ಉದ್ದನೆಯ ಸರಪಳಿಯ ಒಮೆಗಾ-3ಗಳು: 20 ಇಂಗಾಲ ಮತ್ತು 5 ದ್ವಿಬಂಧಗಳ ಇಪಿಎ, 22 ಇಂಗಾಲ ಮತ್ತು 6 ದ್ವಿಬಂಧಗಳ ಡಿಎಚ್‌ಎ.

ಲಿನೋಲೆಯಿಕ್ ಮತ್ತು ಆಲ್ಫಾ ಲಿನೋಲೆನಿಕ್ ಆಮ್ಲಗಳನ್ನು ನಮ್ಮ ಶರೀರ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಇಂಥ ಅವಶ್ಯಕ ಮೇದಾಮ್ಲಗಳಿವೆಯೆಂಬ ಅರಿವನ್ನು ಮೊದಲು ಕೊಟ್ಟದ್ದೂ ಇಲಿಗಳೇ. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ನೀಡಿದಾಗ ಅವುಗಳ ಬಾಲದ ಚರ್ಮ ಹೊಟ್ಟೆದ್ದು, ಬೆಳವಣಿಗೆ ಕುಂಠಿತವಾಗಿ, ಕೊನೆಗೆ ಅವು ಸತ್ತವು. ಕೊಬ್ಬನ್ನು ಸಂಪೂರ್ಣವಾಗಿ ತ್ಯಜಿಸುವುದು ಆರೋಗ್ಯವಲ್ಲವೆಂಬ ಪಾಠ ಅಂದೇ ದೊರೆತಿತ್ತು.

ಇಲಿಗಳಲ್ಲಿ ಈ ರೋಗವನ್ನು ಅಭ್ಯಸಿಸುವ ಬಗೆ

ಮನುಷ್ಯನಲ್ಲಿ ಒಂದು ಪಾಲಿಪ್ ಕ್ಯಾನ್ಸರಾಗಲು ಹತ್ತಾರು ವರ್ಷ ಬೇಕು. ಅಷ್ಟು ಕಾಲ ಸಾವಿರಾರು ಜನರ ಊಟವನ್ನು ಅಳತೆಯಲ್ಲಿಡುವುದು ಅಸಾಧ್ಯ. ಎರಡು ಮೂರು ವರ್ಷ ಬದುಕುವ ಇಲಿಯಲ್ಲಿ ಅದೇ ಕ್ರಮವನ್ನು ಕೆಲವೇ ತಿಂಗಳಲ್ಲಿ ಕಾಣಬಹುದು.

ಇದಕ್ಕೆ ದಾರಿ ತೋರಿಸಿದ್ದು ಒಂದು ಗಿಡದ ಬೀಜ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಜನ ಸೈಕಾಸ್ ಎಂಬ ಗಿಡದ ಬೀಜವನ್ನು ಹಲವು ಬಾರಿ ನೀರಿನಲ್ಲಿ ನೆನೆಸಿ, ವಿಷ ತೆಗೆದು, ಹಿಟ್ಟು ಮಾಡಿ ಉಣ್ಣುತ್ತಿದ್ದರು. ವಿಷ ತೆಗೆಯದ ಹಿಟ್ಟನ್ನು ತಿಂದ ಇಲಿಗಳಲ್ಲಿ ಕರುಳಿನ ಗೆಡ್ಡೆಗಳೂ ಸೇರಿದಂತೆ ಹಲವು ಬಗೆಯ ಗೆಡ್ಡೆಗಳು ಏಳುವುದನ್ನು 1963ರಲ್ಲಿ ಗರ್ಟ್ ಲಾಕರ್ ಮತ್ತು ಸಂಗಡಿಗರು ವರದಿ ಮಾಡಿದರು. ಆ ವಿಷದ ರಾಸಾಯನಿಕ ಬಂಧುವಾದ ಅಜಾಕ್ಸಿಮೀಥೇನ್ ಮುಂದೆ ಸಂಶೋಧಕರ ಮುಖ್ಯ ಸಾಧನವಾಯಿತು. ಇದನ್ನು ಇಲಿಗೆ ಚುಚ್ಚಿದರೆ ದೊಡ್ಡ ಕರುಳಿನ ಕೋಶಗಳ ವಂಶವಾಹಿಗಳಿಗೆ ಹಾನಿಯಾಗಿ, ತಿಂಗಳುಗಳ ನಂತರ ಮನುಷ್ಯನ ಗೆಡ್ಡೆಯನ್ನೇ ಹೋಲುವ ಗೆಡ್ಡೆಗಳು ಬೆಳೆಯುತ್ತವೆ. ಗೆಡ್ಡೆಯಾಗುವವರೆಗೆ ಕಾಯದೆ, ಮೊದಲೇ ಕೆಟ್ಟ ಕುಳಿಗಳ ಗುಂಪುಗಳನ್ನು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಎಣಿಸುವ ವಿಧಾನವನ್ನು 1987ರಲ್ಲಿ ರಂಜನಾ ಬರ್ಡ್ ಅವರು ವಿವರಿಸಿದರು. ಇದರಿಂದ ಕೆಲವೇ ವಾರಗಳಲ್ಲಿ ಒಂದು ಆಹಾರದ ಪರಿಣಾಮವನ್ನು ಅಳೆಯುವುದು ಸಾಧ್ಯವಾಯಿತು.

ಎರಡನೆಯ ಮಾದರಿ ಹುಟ್ಟಿನಿಂದಲೇ ದೋಷವಿರುವ ಸಣ್ಣ ಇಲಿ. ಮನುಷ್ಯರಲ್ಲಿ ಎಪಿಸಿ ಎಂಬ ವಂಶವಾಹಿ ಕೆಟ್ಟರೆ ಕರುಳಿನ ತುಂಬ ನೂರಾರು ಪಾಲಿಪ್‌ಗಳು ಏಳುವ ಆನುವಂಶಿಕ ರೋಗ ಬರುತ್ತದೆ. ಅದೇ ವಂಶವಾಹಿ ಕೆಟ್ಟ 'ಮಿನ್' ಎಂಬ ತಳಿಯ ಸಣ್ಣ ಇಲಿಗಳನ್ನು 1990ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ವರ್ಣಿಸಿದರು. ಆದರೆ ಈ ತಳಿಯಲ್ಲಿ ಪಾಲಿಪ್‌ಗಳು ಬಹುತೇಕ ಸಣ್ಣ ಕರುಳಿನಲ್ಲಿ ಏಳುತ್ತವೆ. ಮನುಷ್ಯರಲ್ಲಿಯಾದರೋ ದೊಡ್ಡ ಕರುಳಿನಲ್ಲಿ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಈ ಪ್ರಯೋಗಗಳಲ್ಲಿ ಮೂಕಜೀವಿಗಳು ನೋವುಂಡಿವೆ, ಪ್ರಾಣ ತೆತ್ತಿವೆ. ದಯೆಯನ್ನು ಬದುಕಿನ ಮೂಲವೆಂದು ನಂಬಿದ ನಮಗೆ ಇದು ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ. ಅವುಗಳಿಂದ ದೊರೆತ ತಿಳಿವನ್ನು ಉತ್ಪ್ರೇಕ್ಷೆ ಮಾಡದೆ, ಮರೆಮಾಚದೆ ಬಳಸುವುದು ನಾವು ಸಲ್ಲಿಸಬಹುದಾದ ಕನಿಷ್ಠ ಋಣ.

ಪ್ರಯೋಗಗಳು ತೋರಿಸಿದ್ದು

ಈ ಕ್ಷೇತ್ರದಲ್ಲಿ ಮುಖ್ಯವಾಗಿ ಕೇಳಿಬರುವ ಹೆಸರು ಅಮೆರಿಕದಲ್ಲಿ ನೆಲೆಸಿ ಸಂಶೋಧನೆ ನಡೆಸಿದ ಭಾರತ ಮೂಲದ ವಿಜ್ಞಾನಿ ಬಂಡಾರು ಎಸ್. ರೆಡ್ಡಿ ಅವರದು. 1984ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಕಡಿಮೆ ಕೊಬ್ಬಿನ ಮತ್ತು ಅಧಿಕ ಕೊಬ್ಬಿನ ಆಹಾರಗಳನ್ನು ನೀಡಲಾಯಿತು. ಕಡಿಮೆಯೆಂದರೆ ತೂಕದಲ್ಲಿ ಶೇ. 5, ಅಧಿಕವೆಂದರೆ ಸುಮಾರು ಶೇ. 23. ಮೆಕ್ಕೆಜೋಳದ ಎಣ್ಣೆ ಅಥವಾ ಕುಸುಬೆ ಎಣ್ಣೆಯನ್ನು ಅಧಿಕವಾಗಿ ತಿಂದ ಇಲಿಗಳಲ್ಲಿ ಗೆಡ್ಡೆಗಳು ಹೆಚ್ಚಿದವು. ಆಲಿವ್ ಎಣ್ಣೆ ಅಥವಾ ತೆಂಗಿನೆಣ್ಣೆಯನ್ನು ಅಷ್ಟೇ ಅಧಿಕವಾಗಿ ತಿಂದವುಗಳಲ್ಲಿ ಹಾಗೆ ಹೆಚ್ಚಲಿಲ್ಲ. ಕೊಬ್ಬಿನ ಪ್ರಮಾಣದಷ್ಟೇ ಅದರ ಬಗೆಯೂ ಮುಖ್ಯವೆಂಬುದು ಇದರಿಂದ ವಿದಿತವಾಯಿತು.

1986ರಲ್ಲಿ ಅದೇ ತಂಡ ಮೀನೆಣ್ಣೆಯನ್ನು ಪರೀಕ್ಷಿಸಿತು. ಮೆಕ್ಕೆಜೋಳದ ಎಣ್ಣೆಯನ್ನು ಅಧಿಕವಾಗಿ ತಿಂದ ಇಲಿಗಳಿಗಿಂತ ಮೀನೆಣ್ಣೆಯನ್ನು ಅಷ್ಟೇ ತಿಂದ ಇಲಿಗಳಲ್ಲಿ ದೊಡ್ಡ ಕರುಳಿನ ಗೆಡ್ಡೆಗಳು ಕಡಿಮೆಯಾಗಿದ್ದವು. 1988ರಲ್ಲಿ ಎರಡು ಎಣ್ಣೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನೋಡಿದಾಗ, ಒಟ್ಟು ಕೊಬ್ಬಿನಲ್ಲಿ ಒಮೆಗಾ-3ರ ಪಾಲು ಏರಿದಂತೆ ಗೆಡ್ಡೆಗಳು ಇಳಿಮುಖವಾದವು. ಅದೇ ವರ್ಷ ಜಪಾನಿನ ಸಂಶೋಧಕರು ಶುದ್ಧ ಇಪಿಎ ನೀಡಿ ಇದೇ ಬಗೆಯ ಫಲವನ್ನು ಕಂಡರು. ಮಿನ್ ತಳಿಯ ಇಲಿಗಳಲ್ಲಿಯೂ ಇಪಿಎ ಪಾಲಿಪ್‌ಗಳನ್ನು ಕುಗ್ಗಿಸಿತು.

ಎಣ್ಣೆ ಬದಲಿಸಿದಾಗ ಅದರೊಂದಿಗೆ ಇತರ ಅಂಶಗಳೂ ಬದಲಾಗುತ್ತವೆಯಲ್ಲವೇ ಎಂಬ ಸಂದೇಹ ಸಹಜ. ಅದಕ್ಕೊಂದು ಸೊಗಸಾದ ಉತ್ತರ 2004ರಲ್ಲಿ ಸಿಕ್ಕಿತು. ಜಿಂಗ್ ಕಾಂಗ್ ಎಂಬ ವಿಜ್ಞಾನಿಯ ತಂಡ ಒಂದು ಸೂಕ್ಷ್ಮ ದುಂಡುಹುಳುವಿನ ವಂಶವಾಹಿಯನ್ನು ಸಣ್ಣ ಇಲಿಯಲ್ಲಿ ಸೇರಿಸಿತು. ಆ ಇಲಿ ಒಮೆಗಾ-6 ಅನ್ನು ತನ್ನ ಶರೀರದಲ್ಲಿಯೇ ಒಮೆಗಾ-3 ಆಗಿ ಮಾರ್ಪಡಿಸಿಕೊಳ್ಳಬಲ್ಲದಾಗಿತ್ತು. ಈಗ ಎರಡು ಗುಂಪಿನ ಇಲಿಗಳಿಗೂ ಒಂದೇ ಆಹಾರ. ವ್ಯತ್ಯಾಸವೆಲ್ಲ ಅಂಗಾಂಶದೊಳಗಿನ ಮೇದಾಮ್ಲಗಳಲ್ಲಿ ಮಾತ್ರ. ಮುಂದಿನ ವರ್ಷಗಳ ಪ್ರಯೋಗಗಳಲ್ಲಿ ಒಮೆಗಾ-3 ಸಮೃದ್ಧವಾದ ಈ ಇಲಿಗಳ ಕರುಳಿನಲ್ಲಿ ಉರಿಯೂತವೂ, ಉರಿಯೂತದಿಂದ ಹುಟ್ಟುವ ಗೆಡ್ಡೆಗಳೂ ಕಡಿಮೆಯಾದವು.

ಸಸ್ಯಾಹಾರಿಗಳಾದ ನಮಗೆ ಹೆಚ್ಚು ಹತ್ತಿರವಾದ ಪ್ರಯೋಗಗಳು ಇನ್ನೂ ಕೆಲವಿವೆ. 1991ರಲ್ಲಿ ಜಪಾನಿನ ವಿಜ್ಞಾನಿಗಳು ಆಲ್ಫಾ ಲಿನೋಲೆನಿಕ್ ಆಮ್ಲ ಸಮೃದ್ಧವಾದ ಪೆರಿಲ್ಲಾ ಬೀಜದ ಎಣ್ಣೆ ಇಲಿಗಳ ದೊಡ್ಡ ಕರುಳಿನ ಗೆಡ್ಡೆಗಳನ್ನು ತಗ್ಗಿಸುವುದನ್ನು ತೋರಿಸಿದರು. 1992ರಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಲಿಯನ್ ಥಾಂಪ್ಸನ್ ಮತ್ತು ಸಹೋದ್ಯೋಗಿ ಅಗಸೆಯನ್ನು ಆಹಾರದಲ್ಲಿ ಸೇರಿಸಿ, ಕರುಳಿನ ಕ್ಯಾನ್ಸರಿನ ಆರಂಭಿಕ ಚಿಹ್ನೆಗಳು ಕಡಿಮೆಯಾಗುವುದನ್ನು ಕಂಡರು. 2005ರಲ್ಲಿ ಅಮೆರಿಕದ ದಕ್ಷಿಣ ಡಕೋಟದ ಸಂಶೋಧಕರು ಅಗಸೆ ಎಣ್ಣೆ ಮತ್ತು ಮೆಕ್ಕೆಜೋಳದ ಎಣ್ಣೆಗಳನ್ನು ಹೋಲಿಸಿದಾಗಲೂ ಅಗಸೆ ಎಣ್ಣೆ ತಿಂದ ಇಲಿಗಳಲ್ಲಿಯೇ ಗೆಡ್ಡೆಗಳು ಕಡಿಮೆ. ನಮ್ಮ ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ರೊಟ್ಟಿಯ ಪಕ್ಕದಲ್ಲಿ ತಲೆಮಾರುಗಳಿಂದ ಇರುವ ಅಗಸೆ ಹಿಂಡಿಯ ಬೀಜ ಇದೇ.

ಇದು ಹೇಗೆ ನಡೆಯುತ್ತದೆ?

ನಾವು ತಿನ್ನುವ ಮೇದಾಮ್ಲಗಳು ಪ್ರತಿ ಜೀವಕೋಶದ ಹೊರಪೊರೆಯಲ್ಲಿ ಸೇರಿಕೊಳ್ಳುತ್ತವೆ. ಒಮೆಗಾ-6ರಿಂದ ಅರಾಕಿಡೋನಿಕ್ ಆಮ್ಲವೂ, ಅದರಿಂದ ಕಾಕ್ಸ್-2 ಎಂಬ ಕಿಣ್ವದ ಮೂಲಕ ಪ್ರೊಸ್ಟಾಗ್ಲಾಂಡಿನ್ ಇ-2 ಎಂಬ ವಸ್ತುವೂ ಉಂಟಾಗುತ್ತವೆ. ಈ ವಸ್ತು ಗಾಯ ಮಾಗಲು ಬೇಕಾದ ಉರಿಯೂತವನ್ನು ಎಬ್ಬಿಸುತ್ತದೆ. ಆದರೆ ಸದಾ ಹೆಚ್ಚಿದ್ದರೆ ಕೋಶಗಳ ವೃದ್ಧಿಗೆ ಕುಮ್ಮಕ್ಕು ಕೊಡುತ್ತದೆ. ಇಪಿಎ ಅದೇ ಕಿಣ್ವಕ್ಕಾಗಿ ಸ್ಪರ್ಧಿಸಿ, ಆ ಜಾಗದಲ್ಲಿ ಸೌಮ್ಯವಾದ ವಸ್ತುಗಳು ಉಂಟಾಗುವಂತೆ ಮಾಡುತ್ತದೆ.

ಎರಡನೆಯದು ಪಿತ್ತಾಮ್ಲಗಳ ಮಾರ್ಗ. ಕೊಬ್ಬು ಜೀರ್ಣಿಸಲು ಯಕೃತ್ತು ಪಿತ್ತವನ್ನು ಸುರಿಸುತ್ತದೆ. ಕೊಬ್ಬು ಅಧಿಕವಾದರೆ ಪಿತ್ತಾಮ್ಲಗಳು ಹೆಚ್ಚು ಪ್ರಮಾಣದಲ್ಲಿ ದೊಡ್ಡ ಕರುಳನ್ನು ತಲುಪುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಕರುಳಿನ ಗೋಡೆಗೆ ಉರಿ ತರುವ ಡಿಆಕ್ಸಿಕೋಲಿಕ್ ಆಮ್ಲದಂತಹ ವಸ್ತುಗಳಾಗಿ ಮಾರ್ಪಡಿಸುತ್ತವೆ. ಇಂಥ ಪಿತ್ತಾಮ್ಲಗಳು ಇಲಿಯ ಕರುಳಿನ ಗೆಡ್ಡೆಗಳಿಗೆ ಪ್ರೋತ್ಸಾಹ ನೀಡುವುದು 1970ರ ದಶಕದಲ್ಲಿಯೇ ತಿಳಿದುಬಂದಿತು.

ಮೂರನೆಯದು ಕೆಟ್ಟ ಕೋಶ ತಾನಾಗಿ ಸಾಯುವ ಕ್ರಮ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದ ಜೋನ್ ಲಪ್ಟನ್ ಮತ್ತು ರಾಬರ್ಟ್ ಚಾಪ್ಕಿನ್ ಅವರ ತಂಡ 1998ರಲ್ಲಿ ಮಹತ್ವದ ಸಂಗತಿಯೊಂದನ್ನು ವರದಿ ಮಾಡಿತು: ಮೀನೆಣ್ಣೆ ಗೆಡ್ಡೆಗಳನ್ನು ತಡೆದದ್ದು ಕೋಶಗಳ ಹುಟ್ಟನ್ನು ತಗ್ಗಿಸಿ ಅಲ್ಲ, ಹಾನಿಗೊಂಡ ಕೋಶಗಳು ಸಕಾಲದಲ್ಲಿ ಸಾಯುವಂತೆ ಮಾಡಿ. ಅವರ ಪ್ರಯೋಗಗಳಲ್ಲಿ ಮೀನೆಣ್ಣೆಯ ಜೊತೆಗೆ ಪೆಕ್ಟಿನ್ ಎಂಬ ನಾರಿನಂಶವೂ ಇದ್ದಾಗ ಈ ಫಲ ಹೆಚ್ಚಾಗಿ ಕಂಡಿತು.

ನಾರಿಗೂ ಮೇದಾಮ್ಲಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನಾವು ಜೀರ್ಣಿಸಲಾರದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುಳಿಯಿಸಿ, ಕಿರುಸರಪಳಿಯ ಮೇದಾಮ್ಲಗಳನ್ನು ಉಂಟುಮಾಡುತ್ತವೆ. ಅವುಗಳಲ್ಲಿ ನಾಲ್ಕು ಇಂಗಾಲದ ಬ್ಯುಟಿರಿಕ್ ಆಮ್ಲ ದೊಡ್ಡ ಕರುಳಿನ ಕೋಶಗಳ ಮುಖ್ಯ ಆಹಾರ. ಪ್ರಯೋಗಶಾಲೆಯಲ್ಲಿ ಅದು ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ತಡೆಯೊಡ್ಡುತ್ತದೆ. ಹೀಗೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ತರಕಾರಿಗಳನ್ನು ಉಂಡವನ ಕರುಳಿನಲ್ಲಿಯೇ ಒಂದು ಉಪಕಾರಿ ಮೇದಾಮ್ಲ ನಿತ್ಯವೂ ತಯಾರಾಗುತ್ತಿರುತ್ತದೆ.

ಇಲಿಯಿಂದ ಮನುಷ್ಯನವರೆಗೆ

ಇಷ್ಟು ಓದಿದವರು ಮೀನೆಣ್ಣೆ ನುಂಗಿದರೆ ಕ್ಯಾನ್ಸರ್ ಬಾರದೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಇಲ್ಲಿಯೇ ಎಚ್ಚರ ಬೇಕು. ಆ ಪ್ರಯೋಗಗಳಲ್ಲಿ ಇಲಿಗಳಿಗೆ ನೀಡಿದ ಎಣ್ಣೆಯ ಪ್ರಮಾಣ ಬಹಳ ದೊಡ್ಡದು. ಒಂದೆರಡು ಮಾತ್ರೆಗಳಿಗೆ ಅದನ್ನು ಹೋಲಿಸಲಾಗದು. ಅವುಗಳಿಗೆ ಬಲವಾದ ವಿಷವನ್ನು ಚುಚ್ಚಿ ರೋಗ ಬರಿಸಲಾಗಿತ್ತು. ಮೇಲಾಗಿ ಎಲ್ಲ ಪ್ರಾಣಿಪ್ರಯೋಗಗಳೂ ಒಂದೇ ದಿಕ್ಕಿನಲ್ಲಿಲ್ಲ. ಉರಿಯೂತಕ್ಕೆ ಸುಲಭವಾಗಿ ಗುರಿಯಾಗುವ ಒಂದು ತಳಿಯ ಸಣ್ಣ ಇಲಿಗಳಿಗೆ ಸೋಂಕು ತಗುಲಿಸಿ ಮೀನೆಣ್ಣೆ ನೀಡಿದಾಗ ಕರುಳಿನ ರೋಗ ಉಲ್ಬಣಗೊಂಡುದನ್ನು 2010ರಲ್ಲಿ ಸಂಶೋಧಕರು ವರದಿ ಮಾಡಿದರು.

ಮನುಷ್ಯರಲ್ಲಿ ನಡೆದ ಪರೀಕ್ಷೆಗಳ ಫಲವೂ ಮಿಶ್ರವಾಗಿದೆ. ಎಪಿಸಿ ವಂಶವಾಹಿಯ ದೋಷದಿಂದ ಪಾಲಿಪ್ ರೋಗವಿರುವ ಕುಟುಂಬಗಳವರಿಗೆ ದಿನಕ್ಕೆ 2 ಗ್ರಾಂ ಇಪಿಎಯನ್ನು ಆರು ತಿಂಗಳು ನೀಡಿದಾಗ, ಹುಸಿಮಾತ್ರೆ ಪಡೆದವರಿಗೆ ಹೋಲಿಸಿದರೆ ಪಾಲಿಪ್‌ಗಳ ಸಂಖ್ಯೆ ಸುಮಾರು ಶೇ. 22ರಷ್ಟು ಕಡಿಮೆಯಾಯಿತೆಂದು 2010ರ ಬ್ರಿಟಿಷ್ ವರದಿಯೊಂದು ಹೇಳಿತು. ಆದರೆ 2018ರಲ್ಲಿ ಪ್ರಕಟವಾದ, 709 ಜನರನ್ನೊಳಗೊಂಡ ಇನ್ನೊಂದು ಬ್ರಿಟಿಷ್ ಪರೀಕ್ಷೆಯಲ್ಲಿ, ಮೊದಲೇ ಪಾಲಿಪ್ ತೆಗೆಸಿಕೊಂಡವರು ಒಂದು ವರ್ಷ ಇಪಿಎ ಸೇವಿಸಿದರೂ ಮತ್ತೆ ಪಾಲಿಪ್ ಕಾಣಿಸಿಕೊಂಡವರ ಪ್ರಮಾಣ ಇಳಿಯಲಿಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ 'ವೈಟಲ್' ಪರೀಕ್ಷೆ 25,871 ಜನರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿತು. ದಿನಕ್ಕೊಂದು ಗ್ರಾಂ ಮೀನೆಣ್ಣೆಯ ಒಮೆಗಾ-3 ಸೇವಿಸಿದವರಲ್ಲಿ ಕ್ಯಾನ್ಸರಿನ ಪ್ರಮಾಣ ಸೇವಿಸದವರಿಗಿಂತ ಕಡಿಮೆಯಾಗಲಿಲ್ಲ.

ಆದ್ದರಿಂದ ಕ್ಯಾನ್ಸರ್ ತಡೆಯುವ ಸಲುವಾಗಿ ಸಸ್ಯಾಹಾರಿಗಳು ತಮ್ಮ ನಿಯಮವನ್ನು ಮುರಿದು ಮೀನೆಣ್ಣೆ ಸೇವಿಸಬೇಕೆನ್ನಲು ಇಂದಿನ ವಿಜ್ಞಾನದಲ್ಲಿ ಆಧಾರವಿಲ್ಲ. ಆ ಶರಣೆಗೆ ನಾನು ಹೇಳಿದ ಮೊದಲ ಮಾತು ಇದೇ. ಹೃದಯರೋಗ ಮೊದಲಾದ ಬೇರೆ ಕಾರಣಕ್ಕೆ ವೈದ್ಯರು ಒಮೆಗಾ-3 ಬೇಕೆಂದಾಗ, ಪಾಚಿಯಿಂದ ತೆಗೆದ ಡಿಎಚ್‌ಎ ಮತ್ತು ಇಪಿಎ ದೊರೆಯುತ್ತವೆ ಎಂಬುದನ್ನೂ ತಿಳಿದಿರಬೇಕು. ಮೀನುಗಳಿಗಾದರೂ ಈ ಮೇದಾಮ್ಲಗಳು ಬರುವುದು ಮೂಲತಃ ಸಮುದ್ರದ ಸೂಕ್ಷ್ಮ ಪಾಚಿಗಳಿಂದಲೇ. ಮಾತ್ರೆಯ ಹೊರಕವಚ ಪ್ರಾಣಿಜನ್ಯ ಜೆಲಟಿನ್ನಿನದೋ ಸಸ್ಯಜನ್ಯವೋ ಎಂಬುದನ್ನು ಡಬ್ಬಿಯ ಮೇಲೆ ಓದಿ ನೋಡುವುದು ಒಳ್ಳೆಯದು.

ನಮ್ಮ ಅಡುಗೆಮನೆಯಲ್ಲಿ

ಅಗಸೆಯ ಆಲ್ಫಾ ಲಿನೋಲೆನಿಕ್ ಆಮ್ಲವನ್ನು ನಮ್ಮ ಶರೀರ ಇಪಿಎ ಆಗಿ ಮಾರ್ಪಡಿಸಬಲ್ಲದು. ಆದರೆ ಮನುಷ್ಯರಲ್ಲಿ ಈ ಸಾಮರ್ಥ್ಯ ಇಲಿಗಳಿಗಿಂತ ಕಡಿಮೆ; ಸಾಮಾನ್ಯವಾಗಿ ನೂರರಲ್ಲಿ ಹತ್ತು ಪಾಲೂ ಮಾರ್ಪಡುವುದಿಲ್ಲ. ಡಿಎಚ್‌ಎ ಆಗುವುದು ಇನ್ನೂ ಅತ್ಯಲ್ಪ. ಒಮೆಗಾ-6 ಕೂಡ ಅದೇ ಕಿಣ್ವವನ್ನು ಬಳಸುವುದರಿಂದ, ಕುಸುಬೆ ಅಥವಾ ಸೂರ್ಯಕಾಂತಿ ಎಣ್ಣೆಯೊಂದನ್ನೇ ಧಾರಾಳವಾಗಿ ಬಳಸುವ ಮನೆಯಲ್ಲಿ ಈ ಮಾರ್ಪಾಡು ಮತ್ತಷ್ಟು ಕುಗ್ಗುತ್ತದೆ. ಹಾಗೆಂದು ಕುಸುಬೆ ಎಣ್ಣೆ ವಿಷವಲ್ಲ. ಅದರ ಲಿನೋಲೆಯಿಕ್ ಆಮ್ಲ ನಮಗೆ ಅವಶ್ಯಕವೇ ಆಗಿದೆ. ತಪ್ಪಿರುವುದು ಅತಿಯಲ್ಲಿ ಮತ್ತು ಒಂದೇ ಎಣ್ಣೆಗೆ ಅಂಟಿಕೊಳ್ಳುವುದರಲ್ಲಿ. ಎಣ್ಣೆಗಳನ್ನು ಬದಲಿಸಿ, ಬೆರೆಸಿ ಬಳಸಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ಸಲಹೆ ನೀಡುತ್ತದೆ.

ಅನುಸರಿಸಲು ಸುಲಭವಾದ ಕೆಲವು ಅಂಶಗಳನ್ನು ಇಲ್ಲಿ ಹೇಳಬಹುದು. ಅಗಸೆಯನ್ನು ಹದವಾಗಿ ಹುರಿದು, ಪುಡಿ ಮಾಡಿಯೇ ತಿನ್ನಬೇಕು. ಇಡೀ ಬೀಜ ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ. ಒಂದು ದೊಡ್ಡ ಚಮಚ, ಅಂದರೆ ಸುಮಾರು 7 ಗ್ರಾಂ ಪುಡಿಯಲ್ಲಿ ಒಂದೂವರೆ ಗ್ರಾಮಿನಷ್ಟು ಆಲ್ಫಾ ಲಿನೋಲೆನಿಕ್ ಆಮ್ಲವಿರುತ್ತದೆ. ದಿನವೊಂದಕ್ಕೆ ಇದು ಸಾಕು. ಪುಡಿಯನ್ನು ವಾರಕ್ಕೆ ಸಾಲುವಷ್ಟೇ ಮಾಡಿ ಮುಚ್ಚಿದ ಡಬ್ಬಿಯಲ್ಲಿಡಬೇಕು, ಏಕೆಂದರೆ ಗಾಳಿಗೆ ಇದು ಬೇಗ ಕಮಟುತ್ತದೆ. ಅಗಸೆ ಎಣ್ಣೆಯನ್ನು ಕರಿಯಲು ಬಳಸಬಾರದು. ಅಗಸೆ ತಿನ್ನುವವರು ನೀರನ್ನು ಚೆನ್ನಾಗಿ ಕುಡಿಯಬೇಕು. ರಕ್ತ ತೆಳುಮಾಡುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ರೂಢಿಯನ್ನು ಮನೆಯಲ್ಲಿಯೂ ಜಾತ್ರೆಯ ಅಡುಗೆಯಲ್ಲಿಯೂ ಬಿಡುವುದು ಹಿತ.

ಎಣ್ಣೆಗಿಂತಲೂ ಗಟ್ಟಿಯಾದ ಆಧಾರವಿರುವ ಸಂಗತಿಗಳನ್ನು ಮರೆಯಬಾರದು. ಮನುಷ್ಯರಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ತಜ್ಞರು ದೈಹಿಕ ಶ್ರಮ, ಪಾಲಿಶ್ ಮಾಡದ ಧಾನ್ಯಗಳು, ನಾರಿನಂಶ, ಹಾಲು ಮತ್ತು ಹಾಲಿನ ಪದಾರ್ಥಗಳು ಈ ಕ್ಯಾನ್ಸರಿನ ಅಪಾಯವನ್ನು ತಗ್ಗಿಸುವುವೆಂದೂ, ಮದ್ಯ, ಸಂಸ್ಕರಿಸಿದ ಮಾಂಸ, ಬೊಜ್ಜು ಅದನ್ನು ಹೆಚ್ಚಿಸುವುವೆಂದೂ ಅಭಿಪ್ರಾಯಪಟ್ಟಿದ್ದಾರೆ. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮಜ್ಜಿಗೆ, ಒಂದು ಚಮಚ ಅಗಸೆ ಹಿಂಡಿ ಇರುವ ತಟ್ಟೆಗೆ ಈ ಪಟ್ಟಿ ಚೆನ್ನಾಗಿ ಹೊಂದುತ್ತದೆ. ಮೈದಾ, ಸಕ್ಕರೆ, ಕರಿದ ತಿಂಡಿ ಮತ್ತು ಕುಳಿತಲ್ಲಿಯೇ ಕೂಡುವ ಬದುಕಿಗೆ ಹೊಂದುವುದಿಲ್ಲ. ಮಾಂಸ ತಿನ್ನುವುದಿಲ್ಲವೆಂಬ ಒಂದೇ ಕಾರಣಕ್ಕೆ ನಾವು ಸುರಕ್ಷಿತರೆಂದು ಭಾವಿಸುವುದು ತಪ್ಪು. ಆ ಶರಣೆಯ ಅಣ್ಣನವರೂ ಜೀವಮಾನವಿಡೀ ಸಸ್ಯಾಹಾರಿಗಳೇ ಆಗಿದ್ದರು.

ಆಹಾರ ಮಾಡಲಾರದ ಕೆಲಸ

ಯಾವ ಎಣ್ಣೆಯೂ, ಯಾವ ಬೀಜವೂ ಈಗಾಗಲೇ ಎದ್ದಿರುವ ಪಾಲಿಪನ್ನು ಖಚಿತವಾಗಿ ಕರಗಿಸಲಾರದು. ಆದರೆ ವೈದ್ಯರು ಕೊಲೊನೊಸ್ಕೋಪಿ ಎಂಬ ದುರ್ಬೀನು ಪರೀಕ್ಷೆಯಲ್ಲಿ ಅದನ್ನು ನೋಡಿ, ಅಲ್ಲಿಯೇ ತೆಗೆದುಹಾಕಬಲ್ಲರು. ಹೀಗೆ ಪಾಲಿಪ್ ತೆಗೆಸಿಕೊಂಡವರಲ್ಲಿ ಮುಂದೆ ಕ್ಯಾನ್ಸರ್ ಬರುವುದು ಗಣನೀಯವಾಗಿ ಕಡಿಮೆಯಾಗುವುದೆಂದು ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನ 1993ರಲ್ಲಿ ತೋರಿಸಿತು. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ ಈ ರೋಗ ಬಂದಿದ್ದರೆ, ನಲವತ್ತನೆಯ ವಯಸ್ಸಿನಲ್ಲಿ, ಇಲ್ಲವೆ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಈ ಪರೀಕ್ಷೆಯನ್ನು ಆರಂಭಿಸಬೇಕೆಂಬುದು ಸಾಮಾನ್ಯವಾದ ವೈದ್ಯಕೀಯ ಸಲಹೆ.

ಮಲದಲ್ಲಿ ರಕ್ತ, ವಾರಗಟ್ಟಲೆ ಮುಂದುವರಿಯುವ ಮಲಬದ್ಧತೆ ಅಥವಾ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ಕಾರಣ ತಿಳಿಯದ ರಕ್ತಹೀನತೆ, ಇವು ಕಂಡರೆ ತಡಮಾಡಬಾರದು. ನಮ್ಮಲ್ಲಿ ರಕ್ತ ಕಂಡೊಡನೆ ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ, ಊರಿನ ಔಷಧಿಯಲ್ಲಿ ತಿಂಗಳುಗಳನ್ನು ಕಳೆಯುವವರು ಬಹಳ. ಮೂಲವ್ಯಾಧಿಯೇ ಇರಬಹುದು, ಆದರೆ ಅದನ್ನು ವೈದ್ಯರು ನೋಡಿ ಹೇಳಬೇಕು. ಆ ಅಣ್ಣನವರು ಸಂಕೋಚದಿಂದ ಒಂದು ವರ್ಷ ಯಾರಿಗೂ ಹೇಳದೆ ಇದ್ದರೆಂದು ತಂಗಿ ಕಣ್ಣೊರೆಸಿಕೊಳ್ಳುತ್ತ ಹೇಳಿದರು. ದೇಹದ ವಿಷಯದಲ್ಲಿ ಇಂಥ ಸಂಕೋಚ ಬಹಳ ದುಬಾರಿಯಾದುದು.

"ಮೀನೆಣ್ಣೆ ಬೇಡಮ್ಮ. ಅಗಸೆ ಹಿಂಡಿ ಬಿಡಬೇಡಿ. ಆದರೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ" ಎಂದು ನಾನು ಹೇಳಿದೆ. ಅವರಿಗೆ ಆಗಲೇ ನಲವತ್ತೆಂಟು ವರ್ಷ. ಹಿಂಜರಿಯುತ್ತಲೇ ಮಗನೊಡನೆ ಆಸ್ಪತ್ರೆಗೆ ಹೋದರು. ಒಂದು ಸಣ್ಣ ಪಾಲಿಪ್ ಇತ್ತು, ವೈದ್ಯರು ತೆಗೆದರು. ಅದರಲ್ಲಿ ಕ್ಯಾನ್ಸರ್ ಇರಲಿಲ್ಲ. ಮುಂದಿನ ಪರೀಕ್ಷೆ ಯಾವಾಗ ಎಂಬುದನ್ನು ಬರೆದುಕೊಟ್ಟಿದ್ದಾರೆ. ಕಳೆದ ಹುಣ್ಣಿಮೆಯಂದು ಮಠಕ್ಕೆ ಬಂದವರು ತಮ್ಮ ಕಿರಿಯ ತಮ್ಮನನ್ನೂ ಕರೆತಂದಿದ್ದರು. ಅವನಿಗೀಗ ನಲವತ್ತೆರಡು. ಈ ಲೇಖನ ಓದುವವರ ಮನೆಯಲ್ಲಿ ಅಂಥವರು ಯಾರಾದರೂ ಇದ್ದರೆ ಇಂದೇ ಅವರೊಡನೆ ಮಾತನಾಡಬೇಕೆಂದು ವಿನಂತಿ.